ವಾಮಂಜೂರಿನ ಬಾವಿ ಮತ್ತು ಎರಡು ಮೂಟೆ ಉಪ್ಪು

ಕಳೆದ ತಿಂಗಳು ನಮ್ಮ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಕದ್ರಿಯ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. ಒಬ್ಬಳು ಇಂಜಿನಿಯರಿಂಗ್ ಓದಿದವಳು, ಇನ್ನೊಬ್ಬ ಭೂವಿಜ್ಞಾನ ಓದಿದವ. ಮನೆ ಕಟ್ಟುವವರ ಜಾಗಕ್ಕೆ ಹೋಗಿ, ಅಲ್ಲಿಯ ಮಣ್ಣು ಮತ್ತು ಸುತ್ತಲಿನ ಬಾವಿಗಳನ್ನು ನೋಡಿ, ಕಕ್ಕಸಿನ ಗುಂಡಿ ಎಲ್ಲಿ ತೋಡಬಹುದು, ಎಲ್ಲಿ ತೋಡಬಾರದು ಎಂದು ಬರೆದುಕೊಡುವುದು ಅವರ ಕೆಲಸ. ಒಂದು ಕಾಲದಲ್ಲಿ ಅದು ನನ್ನ ಕೆಲಸವಾಗಿತ್ತು. "ಸರ್, ಆಗ ನೀವು ಹೇಗೆ ಮಾಡ್ತಿದ್ರಿ, ಸ್ವಲ್ಪ ಬರೆದು ಕೊಡಿ" ಎಂದರು. ಬಡ್ತಿ ಯಾವಾಗ ಸಿಕ್ಕಿತು, ಯಾವ ಊರಿಗೆ ವರ್ಗವಾಯಿತು ಎಂದೆಲ್ಲ ಬರೆದರೆ ಓದುವವರಿಗೆ ಬಿಡಿ, ಬರೆಯುವ ನನಗೇ ತೂಕಡಿಕೆ ಬರುತ್ತದೆ. ಅದರ ಬದಲು ಕೆಲಸ ಕಲಿಸಿದವರ ಬಗ್ಗೆ, ಮಾಡಿದ ಎಡವಟ್ಟುಗಳ ಬಗ್ಗೆ, ಮುಖ್ಯವಾಗಿ ವಾಮಂಜೂರಿನ ಒಂದು ಬಾವಿಯ ಬಗ್ಗೆ ಬರೆಯುತ್ತೇನೆ. ಆ ಬಾವಿಯನ್ನು ಹಾಳು ಮಾಡಿದ್ದು ನಾನು.

ನಾನು ಕೆಲಸಕ್ಕೆ ಸೇರಿದ್ದು ಐವತ್ತರ ದಶಕದ ನಡುವಿನಲ್ಲಿ. ನಮ್ಮ ಜಿಲ್ಲೆ ಆಗಿನ್ನೂ ಮದ್ರಾಸಿಗೆ ಸೇರಿತ್ತು, ಆಮೇಲೆ ಮೈಸೂರಿಗೆ ಸೇರಿತು. ನಮ್ಮ ಗುಂಡಿಗಳಿಗೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ, ಫಾರಂಗಳ ಬಣ್ಣ ಮಾತ್ರ ಬದಲಾಯಿತು. ಕೆಲಸದ ಹೆಸರು ಹೇಳಲು ನಮ್ಮ ಮನೆಯವರಿಗೆ ನಾಚಿಕೆ. ಹೆಣ್ಣು ನೋಡಲು ಹೋದಾಗ ಚಿಕ್ಕಪ್ಪ "ಸರ್ಕಾರದ ನೀರಿನ ಕೆಲಸ" ಎಂದು ಹೇಳಿಬಿಟ್ಟಿದ್ದರು. ಮದುವೆಯಾಗಿ ಎಂಟು ದಿನಕ್ಕೆ ನನ್ನ ಹೆಂಡತಿಗೆ ನಿಜ ಗೊತ್ತಾಯಿತು. ಅವಳು "ಅಡ್ಡಿಯಿಲ್ಲ, ಚಪ್ಪಲಿ ಮಾತ್ರ ಅಂಗಳದ ಆಚೆ ಬಿಡಿ" ಎಂದಳು. ಅಷ್ಟಕ್ಕೇ ಮುಗಿಸಿದ್ದಕ್ಕೆ ನಾನು ಇವತ್ತಿಗೂ ಅವಳಿಗೆ ಋಣಿ.

ಆದರೆ ಆ ಕೆಲಸದ ಬಗ್ಗೆ ನನಗೆ ಯಾವತ್ತೂ ನಾಚಿಕೆ ಅನಿಸಿದ್ದಿಲ್ಲ. ಆಗ ಪೇಟೆಯ ಎಷ್ಟೋ ಮನೆಗಳಲ್ಲಿ ಬಕೆಟ್ ಕಕ್ಕಸು. ಬೆಳಗಾದರೆ ಅದನ್ನು ತಲೆಯ ಮೇಲೆ ಹೊತ್ತು ಸಾಗಿಸುವ ಜನ ಇದ್ದರು, ಅವರ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಹಳ್ಳಿಗಳಲ್ಲಿ ಗುಡ್ಡವೇ ಗತಿ. ಒಂದು ಮನೆಗೆ ಸೆಪ್ಟಿಕ್ ಟ್ಯಾಂಕು, ಅದರ ಪಕ್ಕದಲ್ಲಿ ನೀರು ಇಂಗುವ ಗುಂಡಿ ಆಯಿತೆಂದರೆ ಒಬ್ಬರ ತಲೆಯ ಹೊರೆ ಇಳಿಯಿತು, ಒಬ್ಬ ಹೆಂಗಸಿಗೆ ಕತ್ತಲಾಗುವ ತನಕ ಕಾಯುವುದು ತಪ್ಪಿತು ಎಂದು ಲೆಕ್ಕ. ನಾನು ಒಪ್ಪಿಗೆಯ ಕಾಗದಕ್ಕೆ ಖುಷಿಯಿಂದ ಸಹಿ ಹಾಕುತ್ತಿದ್ದೆ. ಆ ಖುಷಿಯೇ ಒಮ್ಮೊಮ್ಮೆ ಕಣ್ಣಿಗೆ ಮಂಜು ಕವಿಸುತ್ತದೆ ಎಂದು ಆಗ ತಿಳಿದಿರಲಿಲ್ಲ.

ನನಗೆ ನಿಜವಾಗಿ ಕೆಲಸ ಕಲಿಸಿದ್ದು ಐತಪ್ಪ. ಕಚೇರಿಯ ಪುಸ್ತಕದಲ್ಲಿ ಅವನು ಗುಂಡಿ ತೋಡುವ ಆಳು. ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವನು, ಬಾವಿ ತೋಡುವವರ ಮನೆತನ. ತುಳುವರು ನಮ್ಮ ಕ್ರಿಸ್ತಾನರನ್ನು ಮರ್ಯಾದೆಯಿಂದ ಕರೆಯುವಂತೆ ನನ್ನನ್ನು "ಪೊರ್ಬುಗಳೇ" ಎಂದು ಕರೆಯುತ್ತಿದ್ದ. ಆ ಮರ್ಯಾದೆ ಕರೆಯುವುದರಲ್ಲಿ ಮಾತ್ರ. ಉಳಿದಂತೆ ನನ್ನ ತಲೆಯ ಬಗ್ಗೆ ಅವನಿಗೆ ಹೆಚ್ಚಿನ ಅಭಿಪ್ರಾಯ ಇರಲಿಲ್ಲ.

ನಮ್ಮ ಪರೀಕ್ಷೆ ಸರಳ. ಜಾಗದಲ್ಲಿ ಒಂದು ಗುಂಡಿ ತೋಡುವುದು. ಹಿಂದಿನ ದಿನವೇ ನೀರು ಹೊಯ್ದು ಮಣ್ಣನ್ನು ನೆನೆಸುವುದು. ಮಾರನೆಯ ದಿನ ಅರ್ಧ ಅಡಿ ನೀರು ತುಂಬಿಸಿ, ಇಂಚು ಗುರುತು ಮಾಡಿದ ಅಡಿಕೆ ಮರದ ಸಲಾಕೆಯೊಂದನ್ನು ನಿಲ್ಲಿಸಿ, ಗಡಿಯಾರ ಹಿಡಿದು ಕೂರುವುದು. ಒಂದು ಇಂಚು ನೀರು ಇಳಿಯಲು ಎಷ್ಟು ನಿಮಿಷ ಬೇಕೋ ಅದೇ ಆ ಮಣ್ಣಿನ ಯೋಗ್ಯತೆ. ತೀರಾ ಹೊತ್ತು ತೆಗೆದುಕೊಂಡರೆ ಗುಂಡಿ ತುಂಬಿ ಅಂಗಳಕ್ಕೆ ಬರುತ್ತದೆ. ನಮ್ಮ ಕಡೆ ಮೇಲೆ ಮುರಕಲ್ಲೆಂಬ ಕೆಂಪು ಕಲ್ಲು, ಅದರ ಕೆಳಗೆ ಶೇಡಿ ಎಂಬ ಬಿಳಿ ಜಿಗುಟು ಮಣ್ಣು. ಶೇಡಿ ನೀರನ್ನು ಬಿಡುವುದೇ ಇಲ್ಲ.

ಐತಪ್ಪನಿಗೆ ಗಡಿಯಾರ ಬೇಕಿರಲಿಲ್ಲ. ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ಚಕ್ಕುಲಿಯ ಹಾಗೆ ಸುತ್ತುತ್ತಿದ್ದ. ಸುರುಳಿ ಒಡೆಯದೆ ನಿಂತರೆ "ಇದು ಉಗುಳುವ ಮಣ್ಣು ಪೊರ್ಬುಗಳೇ" ಎಂದು ಎಸೆಯುತ್ತಿದ್ದ. ಬಿರುಕು ಬಿಟ್ಟು ಪುಡಿಯಾದರೆ "ಇದು ಕುಡಿಯುವ ಮಣ್ಣು." ಅವನು ಹೇಳಿದ ಮೇಲೆ ನಾನು ಎರಡು ಗಂಟೆ ಬಿಸಿಲಲ್ಲಿ ಕೂತು ಗಡಿಯಾರ ನೋಡಿ ಅದನ್ನೇ ಬರೆದುಕೊಳ್ಳುತ್ತಿದ್ದೆ. ಸಂಬಳ ಮಾತ್ರ ನನಗೆ ಹೆಚ್ಚು.

ನನ್ನ ಮೊದಲ ಎಡವಟ್ಟು ಬಿಕರ್ನಕಟ್ಟೆಯ ಕಡೆ ಒಬ್ಬರು ಮಾಸ್ತರರ ಮನೆಯಲ್ಲಿ ನಡೆಯಿತು. ಮೇ ತಿಂಗಳು, ನೆಲ ಬಾಯ್ಬಿಟ್ಟುಕೊಂಡು ಕೂತಿತ್ತು. ನೀರು ಚೆನ್ನಾಗಿ ಇಳಿಯಿತು, ನಾನು ಬರೆದುಕೊಟ್ಟೆ. ಜುಲೈಯಲ್ಲಿ ಮಾಸ್ತರರಿಂದ ಕಾಗದ ಬಂತು. ಅಕ್ಷರ ಮುತ್ತಿನಂತೆ, ವಿಷಯ ಮಾತ್ರ ಮುತ್ತಿನಂತೆ ಇರಲಿಲ್ಲ. ಅವರ ಗುಂಡಿಯೊಳಗೆ ನೀರು ಇಂಗುವ ಬದಲು ಕೆಳಗಿನಿಂದ ಒರತೆ ಏಳುತ್ತಿತ್ತು. ತೆಂಗಿನ ಬುಡದಲ್ಲಿ ಏನೇನು ತೇಲುತ್ತಿದೆ ಎಂದು ಅವರು ಒಂದು ಪುಟದ ತುಂಬ ವರ್ಣಿಸಿದ್ದರು.

ನಮ್ಮ ಸಾಹೇಬರು ವೆಂಕಟರಾಮಯ್ಯನವರು. ಘಟ್ಟದ ಮೇಲಿನವರು, ಮೈಸೂರಿಗೆ ಸೇರಿದ ಮೇಲೆ ಇಲ್ಲಿಗೆ ಬಂದವರು. ನಮ್ಮ ಮಳೆ ಕಂಡು ಮೊದಲ ವರ್ಷ ಅವರಿಗೆ ಜ್ವರ ಬಂದಿತ್ತು, ನಮ್ಮ ಮೀನಿನ ವಾಸನೆಗೆ ಎರಡನೆಯ ವರ್ಷದಲ್ಲೂ ಮೂಗು ಮುಚ್ಚುತ್ತಿದ್ದರು. ಆದರೆ ಕೆಲಸದಲ್ಲಿ ಪ್ರಾಮಾಣಿಕರು. ಕಾಗದ ಓದಿ ನನ್ನನ್ನು ಕರೆಸಿದರು.

"ಏನಯ್ಯಾ, ಮಳೆಗಾಲದಲ್ಲಿ ಅಲ್ಲಿ ಬಾವಿ ನೀರು ಎಲ್ಲೀ ತನಕ ಬರುತ್ತೆ ಅಂತ ಕೇಳಿದ್ಯಾ?"

"ಕೇಳಿದೆ ಸರ್. ತುಂಬಾ ಕೆಳಗೆ ಅಂತ ಮಾಸ್ತರರು ಹೇಳಿದ್ರು."

"ಮೇಷ್ಟ್ರು ಯಾವತ್ತಾದ್ರೂ ನೀರು ಸೇದಿದ್ದಾರೇನಯ್ಯಾ?"

ಅದೇ ದಾರಿಯಲ್ಲಿ ಮತ್ತೆ ಹೋದೆ. ಈ ಬಾರಿ ಮಾಸ್ತರರ ಹೆಂಡತಿಯನ್ನು ಕೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಮೇಯಲ್ಲಿ ಹಗ್ಗ ಪೂರ್ತಿ ಬಿಡಬೇಕು, ಇಪ್ಪತ್ತು ಮೊಳ. ಜೋರು ಮಳೆಯ ಆಟಿ ತಿಂಗಳಲ್ಲಿ ಆರು ಮೊಳ ಸಾಕು. ಕೆಲವು ಸಲ ಬಗ್ಗಿ ಚೆಂಬಲ್ಲೇ ತೆಗೀಬಹುದು. ಇವರಿಗೆ ಎಂತ ಗೊತ್ತು?" ಎಂದರು. ಬಾವಿಯ ಒಳಗೋಡೆಯಲ್ಲಿ ಪಾಚಿ ಎಲ್ಲಿಯ ತನಕ ಬೆಳೆದಿದೆ ಎಂದು ತೋರಿಸಿದ್ದೂ ಅವರೇ. ಅಂದಿನಿಂದ ನಾನು ಹೋದಲ್ಲೆಲ್ಲ ಮನೆಯ ಯಜಮಾನರ ಮಾತು ಮರ್ಯಾದೆಗೆ ಕೇಳಿ, ಬಾವಿಯ ಮಾತನ್ನು ಹೆಂಗಸರ ಹತ್ತಿರ ಕೇಳುತ್ತಿದ್ದೆ. ನೆಲದ ನೀರು ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂಬುದರ ಪೂರ್ತಿ ದಾಖಲೆ ಅವರ ಹಗ್ಗದಲ್ಲಿತ್ತು. ಇಷ್ಟು ಒಳ್ಳೆಯ ಪಾಠ ಕಲಿತವನು ಎರಡು ವರ್ಷ ಕಳೆಯುವುದರೊಳಗೆ ಅದನ್ನು ಮರೆತೆ.

ವಾಮಂಜೂರು ಆಗ ಪೂರ್ತಿ ಹಳ್ಳಿ. ಕೆಳಗೆ ಗದ್ದೆ, ಮೇಲೆ ಮುರಕಲ್ಲಿನ ಬೋಳು ಗುಡ್ಡ. ಆ ಗುಡ್ಡದ ಇಳಿಜಾರಿನಲ್ಲಿ ಸಿಸಿಲಿಯಾ ಬಾಯಿ ಎಂಬವರು ಮನೆ ಕಟ್ಟಿಸುತ್ತಿದ್ದರು. ಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸು, ನಮ್ಮ ಕೊಂಕಣಿಯವರೇ, ಮದುವೆಯಾಗಿರಲಿಲ್ಲ. ಇಪ್ಪತ್ತು ವರ್ಷ ಕ್ವಾರ್ಟರ್ಸಿನಲ್ಲಿ ಹನ್ನೆರಡು ಜನರಿಗೆ ಒಂದೇ ಕಕ್ಕಸು ಇದ್ದಲ್ಲಿ ಬದುಕಿದವರು. "ನನಗೆ ಹಾಲ್ ಸಣ್ಣದಾದರೂ ಅಡ್ಡಿಯಿಲ್ಲ, ಬಾಗಿಲು ಹಾಕಿಕೊಳ್ಳುವ ಒಂದು ಕಕ್ಕಸು ನನ್ನದೇ ಆಗಿ ಬೇಕು" ಎಂದು ಅವರು ಹೇಳಿದಾಗ ನನಗೆ ನಗು ಬರಲಿಲ್ಲ. ಹೇಗಾದರೂ ಮಾಡಿಕೊಡಬೇಕು ಎನಿಸಿತು.

ಅವರ ಜಾಗದಿಂದ ಕೆಳಗೆ ಎಂಬತ್ತು ಅಡಿ ದೂರದಲ್ಲಿ ಕಮಲಕ್ಕನ ಬಾವಿ. ಕಮಲಕ್ಕ ಗದ್ದೆಯ ಒಡತಿ, ತುಳು ಮನೆತನದ ಗಟ್ಟಿ ಹೆಂಗಸು. ಅವರಲ್ಲಿ ಆಸ್ತಿ ಹೆಣ್ಣುಮಕ್ಕಳ ಕಡೆಯಿಂದ ಇಳಿಯುವುದಾದ್ದರಿಂದ ಮಗಳು ಯಮುನಾ ಮದುವೆಯಾದ ಮೇಲೂ ತಾಯಿಯ ಮನೆಯಲ್ಲೇ ಇದ್ದಳು. ಗಂಡ ಬೊಂಬಾಯಿಯಲ್ಲಿ ಹೋಟೆಲಿನ ಕೆಲಸದಲ್ಲಿದ್ದ. ಆ ಬಾವಿಯ ನೀರು ಅಂದರೆ ಸುತ್ತಲಿನವರಿಗೆ ಒಂದು ಅಭಿಮಾನ. ಗದ್ದೆ ಕೆಲಸದ ಐದಾರು ಮನೆಯವರೂ ಅಲ್ಲಿಂದಲೇ ಕುಡಿಯುತ್ತಿದ್ದರು.

ದೀಪಾವಳಿ ಮುಗಿದು ಒಂದು ವಾರವಾಗಿತ್ತು. ಸಿಸಿಲಿಯಾ ಬಾಯಿಯ ಜಾಗದಲ್ಲಿ ಐತಪ್ಪ ನಾಲ್ಕಡಿ ಆಳಕ್ಕೆ ತೋಡಿದ. ನೀರು ಹೊಯ್ದೆವು. ನಾನು ಗಡಿಯಾರ ಕಿಸೆಯಿಂದ ತೆಗೆಯುವುದರೊಳಗೆ ಅರ್ಧ ನೀರು ಮಾಯ. ನನಗೆ ಸಂತೋಷ. ಐತಪ್ಪ ಮಾತ್ರ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ತಲೆ ಕೆರೆದುಕೊಂಡ.

"ಎಂತ ಐತಪ್ಪ, ಇಷ್ಟು ಒಳ್ಳೆಯ ಮಣ್ಣು ಸಿಕ್ಕಿದ್ರೂ ಮುಖ ಹಾಗೆ?"

"ಪೊರ್ಬುಗಳೇ, ಇದು ಕುಡಿಯುವುದಲ್ಲ, ನುಂಗುವುದು. ಮುರಕಲ್ಲಿನ ಒಳಗೆ ತೂತು ಉಂಟು, ಇಲಿ ಬಿಲದ ಹಾಗೆ. ನುಂಗಿದ್ದು ಎಲ್ಲಿ ಹೋಗ್ತದೆ?"

ಈ ಸಂಶಯಕ್ಕೆ ನಮ್ಮ ಸಾಹೇಬರ ಹತ್ತಿರ ಒಂದು ಪರೀಕ್ಷೆ ಇತ್ತು. ಗುಂಡಿಗೆ ಉಪ್ಪು ನೀರು ಹೊಯ್ಯುವುದು, ಆಮೇಲೆ ನಾಲ್ಕು ದಿನ ಕೆಳಗಿನ ಬಾವಿಯ ನೀರನ್ನು ಕುಡಿದು ನೋಡುವುದು. ಉಪ್ಪು ಬಂತೋ, ಗುಂಡಿಗೂ ಬಾವಿಗೂ ದಾರಿ ಇದೆ ಎಂದರ್ಥ. ಪ್ರಯೋಗಾಲಯಕ್ಕೆ ಬಾಟಲಿ ಕಳಿಸಿ ವಾರಗಟ್ಟಲೆ ಕಾಯುವುದಕ್ಕಿಂತ ನಾಲಿಗೆ ಮೇಲು ಎಂದು ಅವರ ನಂಬಿಕೆ. ಎರಡು ಷರತ್ತು ಹಾಕಿದ್ದರು. ಒಂದು, ನೀರು ಕುಡಿಯುವ ಮೊದಲು ಏನೂ ತಿನ್ನಬಾರದು. ಎರಡು, ಬಾವಿಯ ಮನೆಯವರಿಗೆ ಹೇಳಬಾರದು. "ಹೇಳಿದ್ರೆ ಇಲ್ಲದ ಉಪ್ಪೆಲ್ಲ ಅವರ ಬಾಯಿಗೆ ಬರುತ್ತೆ ಕಣಯ್ಯಾ, ಜಗಳ ಶುರುವಾಗುತ್ತೆ" ಎನ್ನುತ್ತಿದ್ದರು.

ಬಂದರಿನಿಂದ ಎರಡು ಮೂಟೆ ಉಪ್ಪು ಎತ್ತಿನ ಗಾಡಿಯಲ್ಲಿ ಬಂತು. ಪೀಪಾಯಿಯಲ್ಲಿ ಕರಗಿಸಿ, ಐತಪ್ಪ ಒಂದು ಇಡೀ ದಿನ ಆ ಗುಂಡಿಗೆ ಹೊಯ್ದ. ಗುಂಡಿ ನುಂಗುತ್ತಲೇ ಇತ್ತು.

ಮರುದಿನದಿಂದ ದಿನವೂ ಹತ್ತೂವರೆ ಹನ್ನೊಂದರ ಹೊತ್ತಿಗೆ ನಾನು ಕಮಲಕ್ಕನ ಮನೆಗೆ ಹೋಗುತ್ತಿದ್ದೆ. ಬಾವಿಯ ಆಳ ನೋಡಲಿಕ್ಕುಂಟು ಎಂದು ಹೇಳಿದ್ದೆ. ಮನೆಯ ಮುಂದಿನ ಚಾವಡಿಯಲ್ಲಿ ಕೂತ ಕೂಡಲೇ ಕಮಲಕ್ಕ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಚೆಂಬಿನಲ್ಲಿ ಆಗಷ್ಟೇ ಸೇದಿದ ನೀರು ತಂದಿಡುತ್ತಿದ್ದರು. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವುದು ನಮ್ಮ ಕಡೆಯ ಪದ್ಧತಿ. ಬೆಲ್ಲ ಕಚ್ಚಿ, ಅದು ಬಾಯಲ್ಲಿ ಕರಗುವಾಗ ನೀರು ಕುಡಿಯಬೇಕು. ಬೆಲ್ಲ ಬೇಡ ಎಂದರೆ ನಿಮ್ಮ ಮನೆ ಬೇಡ ಎಂದ ಹಾಗೆ. ನಾನು ಕಚ್ಚಿದೆ, ಕುಡಿದೆ. ನೀರು ಜೇನಿನ ಹಾಗಿತ್ತು. ಇರದೇ ಏನು?

ಮೂರನೆಯ ದಿನ ಹಾಗೇ ಬೆಲ್ಲ ಕಚ್ಚಿ ಕೂತಿರುವಾಗ ಒಳಗಿನಿಂದ ಕಮಲಕ್ಕನ ಸ್ವರ ಕೇಳಿತು.

"ಎಂತ ಯಮುನಾ ಇದು! ಗಂಜಿಗೆ ಇಷ್ಟು ಉಪ್ಪು ಹಾಕುವುದಾ? ನಿನ್ನೆಯೂ ಹೀಗೆ. ಗಂಡನ ಕಾಗದ ಬರಲಿಲ್ಲ ಅಂತ ಕೈಯ ಅಳತೆ ತಪ್ಪುವುದಾ?"

"ಅಮ್ಮಾ, ನಾನು ಉಪ್ಪೇ ಹಾಕಿಲ್ಲ."

"ಹಾಕದೆ ಅದಾಗಿ ಬಂದು ಬಿತ್ತಾ? ಮತ್ತೆ ಮೇಲಿಂದ ಸುಳ್ಳು."

"ದೇವರಾಣೆ ಅಮ್ಮಾ."

"ಆಣೆ ಬೇರೆ!"

ನಾನು ಚಾವಡಿಯಲ್ಲಿ ಕೂತು ಒಳಗೊಳಗೇ ನಕ್ಕೆ. ನಮ್ಮ ಅಮ್ಮನೂ ಅಕ್ಕನೂ ಸಾರಿನ ಉಪ್ಪಿಗಾಗಿ ಹೀಗೇ ಕಿತ್ತಾಡುತ್ತಿದ್ದರು. ಯಮುನಾ ಕಣ್ಣು ಒರೆಸಿಕೊಂಡು ಹಿತ್ತಿಲಿಗೆ ಹೋದದ್ದನ್ನೂ ನೋಡಿದೆ. ಬೆಲ್ಲ ಮುಗಿಯಿತು, ನೀರು ಕುಡಿದೆ, ಪುಸ್ತಕದಲ್ಲಿ "ಉಪ್ಪು ಇಲ್ಲ" ಎಂದು ಬರೆದೆ. ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ನಾಲ್ಕು ದಿನವಾದ ಮೇಲೆ ಸಾಹೇಬರ ಮುಂದೆ ನಿಂತೆ.

"ಉಪ್ಪು ಸಿಕ್ತೇನಯ್ಯಾ?"

"ಇಲ್ಲ ಸರ್."

"ಏನಾದ್ರೂ ತಿಂದಿದ್ಯಾ ಮೊದಲು?"

"ಇಲ್ಲ ಸರ್."

ಬೇಕೆಂದು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದೇನೆಂದು ನನಗೆ ತೋರಲೇ ಇಲ್ಲ. ತಿನ್ನುವುದು ಎಂದರೆ ದೋಸೆ, ಅವಲಕ್ಕಿ. ಬೆಲ್ಲ ನೀರನ್ನು ನಮ್ಮಲ್ಲಿ ಯಾರೂ ತಿಂಡಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಬಂದವರನ್ನು ಬನ್ನಿ ಎನ್ನುವ ಒಂದು ರೀತಿ. ಸಾಹೇಬರು ಸಹಿ ಹಾಕಿದರು. ಐತಪ್ಪ "ನೀವು ಕಲಿತವರು" ಎಂದಷ್ಟೇ ಹೇಳಿ ಹಾರೆ ಎತ್ತಿಕೊಂಡು ಹೋದ.

ಈಸ್ಟರ್ ಹೊತ್ತಿಗೆ ಸಿಸಿಲಿಯಾ ಬಾಯಿಯ ಮನೆ ಪೂರ್ತಿಯಾಯಿತು. ಮನೆ ಒಕ್ಕಲಿಗೆ ನನ್ನನ್ನೂ ಕರೆದಿದ್ದರು. ಪಾದ್ರಿಗಳು ಮನೆ ಆಶೀರ್ವದಿಸಿ ಹೋದ ಮೇಲೆ ಅವರು ಹಿಂಬದಿಗೆ ಕರೆದುಕೊಂಡು ಹೋಗಿ ಹಸಿರು ಬಣ್ಣ ಬಳಿದ ಬಾಗಿಲನ್ನು ತೋರಿಸಿದರು. ಕಮಲಕ್ಕ, ಯಮುನಾ ಕೂಡ ಬಂದಿದ್ದರು. ಯಮುನಾ ಮಾತು ಕಡಿಮೆಯ ಹುಡುಗಿ, ಆ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ ನೋಡಿ "ನಮ್ಮ ಮನೆಗೂ ಒಂದು ಮಾಡಿಸುವ ಅಮ್ಮಾ" ಎಂದಳು. ನನಗೆ ಆ ದಿನ ಬಹಳ ಹೆಮ್ಮೆಯಾಗಿತ್ತು.

ಆಟಿಯ ಮಳೆ ಜೋರಾಗಿ ಹಿಡಿದಾಗ ಒಂದು ಬೆಳಿಗ್ಗೆ ಸಿಸಿಲಿಯಾ ಬಾಯಿ ಕಚೇರಿಗೆ ಬಂದರು. ಕೊಡೆಯಿಂದ ನೀರು ಸೋರುತ್ತಿತ್ತು, ಮಡಚಲೂ ಇಲ್ಲ. ಕೊಂಕಣಿಯಲ್ಲೇ, ಸ್ವರ ತಗ್ಗಿಸಿ ಹೇಳಿದರು. "ಯಮುನಾಳಿಗೆ ಟೈಫಾಯ್ಡ್. ನಮ್ಮ ವಾರ್ಡಿಗೇ ಸೇರಿಸಿದ್ದೇನೆ. ಹನ್ನೊಂದು ದಿನವಾಯಿತು, ಜ್ವರ ಇಳಿಯುತ್ತಿಲ್ಲ. ಗದ್ದೆ ಕೆಲಸದವರ ಮನೆಗಳಲ್ಲಿ ಎರಡು ಕಡೆ ಭೇದಿ. ಎಲ್ಲರದ್ದೂ ಒಂದೇ ಬಾವಿ. ಅದರ ಮೇಲೆ ಇರುವುದು ನನ್ನ ಗುಂಡಿ. ನೀವು ಪರೀಕ್ಷೆ ಮಾಡಿದ್ದೀರಿ ಅಂತ ನಾನು ನಂಬಿ ಕೂತಿದ್ದೇನೆ. ಸರಿಯಾಗಿ ಮಾಡಿದ್ದೀರಾ?"

"ಮಾಡಿದ್ದೇನೆ" ಎಂದೆ.

"ನನಗೆ ಸಮಾಧಾನ ಆಗುವ ತನಕ ಆ ಬಾಗಿಲಿಗೆ ಬೀಗ ಹಾಕಿದ್ದೇನೆ" ಎಂದು ಅವರು ಎದ್ದು ಹೋದರು.

ನಾನು ಮಳೆಯಲ್ಲೇ ವಾಮಂಜೂರಿಗೆ ಹೋದೆ. ಕಮಲಕ್ಕ ಬಟ್ಟೆ ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ಮನೆಗೆ ಬಂದಿದ್ದರು. ಅಂಥ ಸಂಕಟದಲ್ಲೂ ಅಭ್ಯಾಸದ ಬಲದಿಂದ ಅವರ ಕೈ ಬೆಲ್ಲದ ಡಬ್ಬಿಗೆ ಹೋಯಿತು. ತಟ್ಟೆ ಇಟ್ಟು, "ನೀರು ಕುದಿಸಿ ಆರಿಸಿದ್ದು, ಸಿಸಿಲಿಯಾ ಬಾಯಿ ಹೇಳಿದ್ದಾರೆ" ಎಂದರು. ನಾನು ಬೆಲ್ಲ ಬಾಯಿಗಿಟ್ಟೆ. ಕಮಲಕ್ಕ ಕಂಬಕ್ಕೊರಗಿ ನೆಲ ನೋಡುತ್ತಾ ಮಾತಾಡಿದರು.

"ಪೊರ್ಬುಗಳೇ, ಜ್ವರದಲ್ಲಿ ಅವಳು ಎಂತ ಹೇಳ್ತಾಳೆ ಗೊತ್ತುಂಟಾ? 'ಅಮ್ಮಾ, ನಾನು ಉಪ್ಪು ಹಾಕಿಲ್ಲ' ಅಂತ. ಅದೊಂದೇ ಮಾತು. ದೀಪಾವಳಿ ಕಳೆದ ಮೇಲೆ ಒಂದು ನಾಲ್ಕು ದಿನ ಗಂಜಿ ಉಪ್ಪಾಗಿತ್ತು, ನಾನು ಬಾಯಿಗೆ ಬಂದ ಹಾಗೆ ಬೈದಿದ್ದೆ. ಮತ್ತೆ ತನ್ನಷ್ಟಕ್ಕೆ ಸರಿಯಾಯ್ತು. ನಾನು ಮರೆತೇ ಬಿಟ್ಟಿದ್ದೆ. ಅವಳು ಮರೆಯಲಿಲ್ಲ."

ಬಾಯಲ್ಲಿದ್ದ ಬೆಲ್ಲ ನನಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ನಾಲ್ಕು ದಿನ. ನಾನು ಬಂದು ಕೂತ ಅದೇ ನಾಲ್ಕು ದಿನ. ಗಂಜಿ ಕುದಿದು ಬತ್ತುವಾಗ ನೀರಿನಲ್ಲಿ ಗೊತ್ತಾಗದಷ್ಟಿದ್ದ ಉಪ್ಪು ಗಟ್ಟಿಯಾಗಿ ನಾಲಿಗೆಗೆ ಸಿಕ್ಕಿದೆ. ನಾನು ಹುಡುಕುತ್ತಿದ್ದ ಉತ್ತರವನ್ನು ಆ ಹುಡುಗಿ ಅಡುಗೆ ಮನೆಯಿಂದ ಆಣೆ ಹಾಕಿ ಕೂಗಿ ಹೇಳಿದ್ದಾಳೆ. ನಾನು ಬೆಲ್ಲ ಚೀಪುತ್ತಾ ನಕ್ಕಿದ್ದೇನೆ. ಕಮಲಕ್ಕನಿಗೆ ಅಲ್ಲೇ ಹೇಳಬೇಕಿತ್ತು. ಧೈರ್ಯ ಬರಲಿಲ್ಲ. ಚೆಂಬು ಕೆಳಗಿಟ್ಟು ಹೊರಟುಬಂದೆ.

ಸಾಹೇಬರಿಗೆ ಹೇಳಿದೆ.

"ಏನಾದ್ರೂ ತಿಂದಿದ್ಯಾ ಅಂತ ಅವತ್ತು ಕೇಳಿದ್ದೆ."

"ಬೆಲ್ಲ ಮಾತ್ರ ಸರ್."

"ಬೆಲ್ಲ ಮಾತ್ರ!" ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ಬೇರೆಯೇ ಹೇಳಿದರು. "ನಂದೂ ತಪ್ಪಿದೆ ಕಣಯ್ಯಾ. ಮನೆಯವರಿಗೆ ಹೇಳಬೇಡ ಅಂದವನು ನಾನು. ಹೇಳಿದ್ರೆ ಆ ಹುಡುಗಿ ಎರಡನೇ ದಿನಾನೇ ಬಂದು ಹೇಳೋಳು. ನಾವು ನಮ್ಮ ನಾಲಿಗೇನ ನಂಬಿದ್ವಿ, ಅವಳದನ್ನ ನಂಬಲಿಲ್ಲ."

ಅವತ್ತೇ ನೀರಿನ ದಾರಿ ಕಣ್ಣಿಗೆ ಕಾಣಿಸುವ ಹಸಿರು ಬಣ್ಣದ ಪುಡಿ ತರಿಸಿ, ಅವರೇ ನಮ್ಮ ಜೊತೆ ಬಂದು, ಮಳೆಯಲ್ಲಿ ನೆನೆಯುತ್ತಾ ಗುಂಡಿಗೆ ಸುರಿಸಿದರು. ಮರುದಿನ ಸಂಜೆಗೆ ಕಮಲಕ್ಕನ ಬಾವಿಯ ಕೊಡದಲ್ಲಿ ಎಳೆ ಹಸಿರು ನೀರು ಬಂತು. ಐತಪ್ಪ ಆ ಕೊಡವನ್ನು ನೋಡಿದ, ನನ್ನನ್ನು ನೋಡಿದ. "ನಾನು ಹೇಳಿದ್ದೆ" ಎಂದು ಅವನು ಅವತ್ತೂ ಅನ್ನಲಿಲ್ಲ, ಆಮೇಲೆಯೂ ಅನ್ನಲಿಲ್ಲ. ಅಂದಿದ್ದರೆ ಸುಲಭವಾಗುತ್ತಿತ್ತು.

ಯಮುನಾಳ ಜ್ವರ ಇಳಿಯಲು ಮತ್ತೆ ಎಂಟು ದಿನ ಹಿಡಿಯಿತು. ಆ ಎಂಟು ದಿನ ನಾನು ಊಟ ಮಾಡಿದ್ದು ನೆನಪಿಲ್ಲ. ಬೆಳಿಗ್ಗೆ ಎದ್ದು ಆಸ್ಪತ್ರೆಯ ಗೇಟಿನ ತನಕ ಹೋಗಿ, ಡ್ಯೂಟಿ ಮುಗಿಸಿ ಬರುವ ಸಿಸಿಲಿಯಾ ಬಾಯಿಯ ಮುಖ ನೋಡಿ ವಾಪಸು ಬರುತ್ತಿದ್ದೆ. ಒಂಬತ್ತನೆಯ ದಿನ ಅವರು "ಬನ್ನಿ ಒಳಗೆ" ಎಂದರು.

ಯಮುನಾ ದಿಂಬಿಗೆ ಒರಗಿ ಕೂತಿದ್ದಳು. ಕೂದಲು ಗಿಡ್ಡ ಕತ್ತರಿಸಿದ್ದರು, ಕಣ್ಣು ಮಾತ್ರ ಉಳಿದಂತಿತ್ತು. ಕಮಲಕ್ಕ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದರು. ದಾರಿಯುದ್ದಕ್ಕೂ ನಾನು ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ, ಮುರಕಲ್ಲು, ಅಂತರ್ಜಲ, ಇಲಾಖೆಯ ನಿಯಮ ಎಂದೆಲ್ಲ. ಅವಳನ್ನು ನೋಡಿದ ಕೂಡಲೇ ಎಲ್ಲ ಹಾರಿಹೋಯಿತು.

"ಯಮುನಾ, ಉಪ್ಪು ಹಾಕಿದ್ದು ನಾನು" ಎಂದೆ.

ಕಮಲಕ್ಕನ ಕೈ ನಿಂತಿತು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಗುಂಡಿ, ಉಪ್ಪು, ಬೆಲ್ಲ, ನಾನು ನಕ್ಕದ್ದು, ಹಸಿರು ನೀರು. ಏನೂ ಬಿಡಲಿಲ್ಲ. ಯಮುನಾ ನನ್ನನ್ನೇ ನೋಡುತ್ತಿದ್ದಳು.

"ಎಷ್ಟು ಹಾಕಿದ್ರಿ?" ಎಂದು ಕೇಳಿದಳು.

"ಎರಡು ಮೂಟೆ."

ಅವಳು ಮೆಲ್ಲನೆ ತಾಯಿಯ ಕಡೆ ತಿರುಗಿದಳು. "ಕೇಳಿದ್ಯಾ ಅಮ್ಮಾ? ಎರಡು ಮೂಟೆ. ನೀನು ನನ್ನನ್ನು ಬೈದದ್ದು ಒಂದು ಚಿಟಿಕೆಗೆ."

ಕಮಲಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ಆಮೇಲೆ ತಲೆಯೆತ್ತಿ ನನಗೆ ಹೇಳಿದರು. "ನಿಮ್ಮನ್ನು ನಂಬಿ ಚಾವಡಿಯಲ್ಲಿ ಕೂರಿಸಿದೆ ಪೊರ್ಬುಗಳೇ. ಎಂತ ಮಾಡ್ತಿದ್ದೀರಿ ಅಂತ ಒಂದು ಮಾತು ಹೇಳಬಾರದಿತ್ತಾ? ಬಾವಿ ನಮ್ಮದಲ್ಲವಾ?"

ಹೊಸಬರು ಇಲ್ಲಿಂದ ಮುಂದಿನದನ್ನು ಸ್ವಲ್ಪ ಗಮನವಿಟ್ಟು ಓದಬೇಕು. ಸಿಸಿಲಿಯಾ ಬಾಯಿಯ ಹಳೆಯ ಗುಂಡಿಯನ್ನು ಬರಿದು ಮಾಡಿ ಮುಚ್ಚಿಸಿದೆವು. ಗುಡ್ಡದ ಇನ್ನೊಂದು ಬದಿಯಲ್ಲಿ, ಬಾವಿಗಳಿಲ್ಲದ ಕಡೆಗೆ ಇಳಿಯುವಲ್ಲಿ, ಐತಪ್ಪ ಮೂರು ದಿನ ತೋಡಿ ತೋಡಿ ಕುಡಿಯುವ ಮಣ್ಣನ್ನು ಹುಡುಕಿದ. ಈ ಬಾರಿ ಅವನು ಚಕ್ಕುಲಿ ಸುತ್ತಿ ತಲೆಯಾಡಿಸಿದ ಮೇಲೆಯೇ ನಾನು ಗಡಿಯಾರ ತೆಗೆದೆ. ಕಮಲಕ್ಕನ ಬಾವಿಯನ್ನು ಬೇಸಿಗೆಯಲ್ಲಿ ಪೂರ್ತಿ ಇಳಿಸಿ, ತಳ ಕೆರೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿದೆವು. ಒಂದು ವರ್ಷ ಆ ಮನೆಗಳವರೆಲ್ಲ ನೀರು ಕುದಿಸಿ ಕುಡಿದರು. ಸಾಹೇಬರು ಷರತ್ತು ಬದಲಿಸಿದರು. ಪರೀಕ್ಷೆಯ ವಿಷಯ ಮೊದಲು ಬಾವಿಯ ಮನೆಯವರಿಗೆ ಹೇಳಬೇಕು, ನಾಲಿಗೆಯ ಜೊತೆ ಬಾಟಲಿಯೂ ಹೋಗಬೇಕು, ಅಡುಗೆ ಮಾಡುವವರ ಮಾತನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಅದಕ್ಕಾಗಿ ಅವರು ಫಾರಂನಲ್ಲಿ ಕೈಯಿಂದಲೇ ಒಂದು ಗೆರೆ ಎಳೆದು ಜಾಗ ಮಾಡಿದ್ದರು. ಮುಂದೆ ಅಡಿ ಹೋಗಿ ಮೀಟರು ಬಂತು, ಹೊಸ ಫಾರಂ ಅಚ್ಚಾಗಿ ಬಂತು, ಅದರಲ್ಲಿ ಆ ಜಾಗ ಇರಲಿಲ್ಲ. ನಾನು ನಿವೃತ್ತನಾಗುವ ತನಕ ಅಂಚಿನಲ್ಲಿ ಬರೆಯುತ್ತಿದ್ದೆ. ನಿಮ್ಮ ಯಂತ್ರಗಳು ನನ್ನ ನಾಲಿಗೆಗಿಂತ ಸಾವಿರ ಪಾಲು ಮೇಲು, ಸಂಶಯವಿಲ್ಲ. ಆದರೂ ಅಂಚಿನಲ್ಲಿ ಸ್ವಲ್ಪ ಜಾಗ ಬಿಟ್ಟುಕೊಳ್ಳಿ.

ಬಾವಿ ಶುದ್ಧವಾಗಿದೆ ಎಂದು ಪ್ರಯೋಗಾಲಯದ ಕಾಗದ ಬಂದದ್ದು ಮುಂದಿನ ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ. ಕಾಗದ ಹಿಡಿದುಕೊಂಡು ನಾನೇ ಹೋದೆ. ಕೊಟ್ಟು ಬಂದುಬಿಡುವುದು ಎಂದು ಅಂಗಳದಲ್ಲೇ ನಿಂತಿದ್ದೆ. ಆಸ್ಪತ್ರೆಯ ಆ ದಿನದ ನಂತರ ಕಮಲಕ್ಕ ನನ್ನನ್ನು ಚಾವಡಿಗೆ ಕರೆದಿರಲಿಲ್ಲ, ನಾನು ಹತ್ತಿಯೂ ಇರಲಿಲ್ಲ.

ಕಮಲಕ್ಕ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇಂಗ್ಲಿಷಿನಲ್ಲಿ ಉಂಟು, ನಮಗೆ ಎಂತ ಗೊತ್ತಾಗ್ತದೆ? ಮೇಲೆ ಬನ್ನಿ, ಕೂತುಕೊಳ್ಳಿ" ಎಂದರು. ಅವರು ಒಳಗೆ ಹೋದರು. ಬಾವಿಯ ರಾಟೆ ಕಿರುಗುಟ್ಟಿತು. ಯಮುನಾ ಬಂದಳು, ಕೂದಲು ಭುಜದ ತನಕ ಬೆಳೆದಿತ್ತು, ಮುಖ ತುಂಬಿಕೊಂಡಿತ್ತು. ಕೈಯಲ್ಲಿ ಚೆಂಬು ಮಾತ್ರ. ತಟ್ಟೆ ಇರಲಿಲ್ಲ.

ಬೆಲ್ಲ ಇಲ್ಲ. ನನಗೆ ಅರ್ಥವಾಯಿತು ಎಂದುಕೊಂಡೆ. ಇಷ್ಟು ಮರ್ಯಾದೆ ಕೊಟ್ಟದ್ದೇ ಹೆಚ್ಚು ಎಂದು ತಲೆ ತಗ್ಗಿಸಿ ಚೆಂಬು ತೆಗೆದುಕೊಂಡೆ.

"ನಿಧಾನ ಕುಡಿಯಿರಿ. ಕುಡಿದು ಹೇಳಿ" ಎಂದಳು ಯಮುನಾ.

ಕುಡಿದೆ. ಒಂದು ಗುಟುಕು ಬಾಯಲ್ಲಿ ನಿಲ್ಲಿಸಿ, ನಾಲಿಗೆಯ ತುದಿಗೆ, ಬದಿಗೆ ತಂದು ನೋಡಿ ನುಂಗಿದೆ. ತಣ್ಣಗಿತ್ತು, ಸ್ವಲ್ಪ ಕಲ್ಲಿನ ರುಚಿ ಇತ್ತು. ಆ ಬಾವಿಯ ನೀರಿನ ನಿಜವಾದ ರುಚಿ ನನಗೆ ಗೊತ್ತಾದದ್ದು ಆಗಲೇ.

"ಉಪ್ಪಿಲ್ಲ" ಎಂದೆ.

"ಖಂಡಿತವಾ?"

"ಖಂಡಿತ."

ಅವಳು ಒಳಗೆ ತಿರುಗಿ ಕೂಗಿದಳು. "ಅಮ್ಮಾ, ಇನ್ನು ಬೆಲ್ಲ ತರಬಹುದಂತೆ."